ಟಿಕೆಟ್ ಸಿಗುತ್ತದೆಂದು ಅವರಿಗೆ ನಂಬಿಕೆ ಇತ್ತೇ? – ಗಡಿನಾಡ ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಪಕ್ಷಗಳು ಅಧ್ಯಕ್ಷ ಪದವಿಗೆ ತಮ್ಮ ಅಭ್ಯರ್ಥಿಯನ್ನು ಆರಿಸುವ ಕ್ರಮದ ಬಗ್ಗೆ ಕಾಸರಗೋಡು, ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆ, ಆದವಾನಿ ಕಡೆಯ ಓದುಗರು ಬರೆದಿದ್ದಾರೆ. ಹೆಚ್ಚಿನ ಪತ್ರಗಳ ಒಳಗಿದ್ದ ಕುತೂಹಲ ಒಂದೇ: ಯಾರೂ ಲೆಕ್ಕಕ್ಕೆ ಹಿಡಿಯದ ಅಭ್ಯರ್ಥಿ ಕಣಕ್ಕಿಳಿಯುವಾಗ ತಾನು ಗೆಲ್ಲುತ್ತೇನೆಂದು ನಂಬಿರುತ್ತಾನೆಯೇ?

2016ರಲ್ಲಿ ಬರ್ನಿ ಸ್ಯಾಂಡರ್ಸ್ ಟಿಕೆಟ್ ಸಿಕ್ಕೀತೆಂದು ನಿಂತದ್ದೋ, ತಮ್ಮ ವಿಚಾರ ನಾಲ್ಕು ಜನರಿಗೆ ಮುಟ್ಟಲಿ ಎಂದು ನಿಂತದ್ದೋ? ಒಬ್ಬರ ಮನಸ್ಸಿನಲ್ಲಿದ್ದದ್ದು ಹೊರಗಿನವರಿಗೆ ತಿಳಿಯುವುದಾದರೂ ಹೇಗೆ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ತಿಳಿಯುವ ದಾರಿ ಇದೆ. ಭಾಷಣ ಬದಿಗಿಟ್ಟು ಕಾಗದಪತ್ರ ನೋಡಬೇಕು. ಕಣದಲ್ಲಿರುವ ಪ್ರತಿಯೊಬ್ಬರೂ ಗೆಲ್ಲಲೆಂದೇ ಬಂದಿದ್ದೇನೆ ಎನ್ನುತ್ತಾರೆ. ಹಾಗೆನ್ನದಿದ್ದರೆ ಮರುದಿನದಿಂದ ದೇಣಿಗೆ ನಿಲ್ಲುತ್ತದೆ, ಕಾರ್ಯಕರ್ತರು ಮನೆ ಸೇರುತ್ತಾರೆ. ಹಾಗಾಗಿ ಆ ಮಾತು ಸಾಕ್ಷಿಗೆ ಬರುವುದಿಲ್ಲ. ಸಾಕ್ಷಿ ಸಿಗುವುದು ಮೂರು ಕಡೆ. ಮಾರ್ಚ್ ಮತ್ತು ಆಮೇಲೆ ಮತ ಹಾಕುವ ರಾಜ್ಯಗಳಲ್ಲಿ ನಾಮಪತ್ರ ಸಲ್ಲಿಸಿದ್ದು ಯಾವಾಗ? ಅಲ್ಲಿ ಸಂಬಳ ಕೊಟ್ಟು ಜನರನ್ನು ಇಟ್ಟದ್ದು ಯಾವಾಗ? ಅಲ್ಲಿನ ಡೆಲಿಗೇಟುಗಳ, ಅಂದರೆ ಪಕ್ಷದ ಅಧಿವೇಶನದಲ್ಲಿ ತಮ್ಮ ಪರ ಮತ ಹಾಕುವ ಪ್ರತಿನಿಧಿಗಳ, ಪಟ್ಟಿ ತುಂಬಿದ್ದು ಯಾವಾಗ? ಗೆಲ್ಲುವ ಲೆಕ್ಕ ಹಾಕಿದವರು ಈ ಮೂರನ್ನೂ ಹಿಂದಿನ ವರ್ಷವೇ ಮುಗಿಸಿರುತ್ತಾರೆ. ಹೆಸರು ಮಾಡಲು ನಿಂತವರು 2020ರವರೆಗೆ ಎರಡೂ ಪಕ್ಷಗಳಲ್ಲಿ ಮೊದಲು ಮತ ಹಾಕುತ್ತಿದ್ದ ಅಯೋವಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲೇ ಉಳಿದುಬಿಡುತ್ತಿದ್ದರು.

ಸ್ಯಾಂಡರ್ಸ್ 2015ರ ಏಪ್ರಿಲ್ 30ರಂದು ಡೆಮಾಕ್ರಟಿಕ್ ಪಕ್ಷದ ಟಿಕೆಟಿಗೆ ಸ್ಪರ್ಧೆ ಘೋಷಿಸಿದರು. ಆಗ ಅವರು ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಸೆನೆಟರ್, ಪಕ್ಷೇತರರಾಗಿ ಗೆದ್ದು ಬಂದವರು. ಎದುರಿಗಿದ್ದವರು ಹಿಲರಿ ಕ್ಲಿಂಟನ್. ಈಗ ನ್ಯೂಯಾರ್ಕ್ ರಾಜ್ಯದ ನಿಯಮ ನೋಡಿ. ಅಲ್ಲಿ ಪಕ್ಷದ ಸದಸ್ಯರೆಂದು ನೋಂದಾಯಿಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಯಲ್ಲಿ, ಮತ. ಮತದಾನ 2016ರ ಏಪ್ರಿಲ್ 19ಕ್ಕೆ. ಆದರೆ ಈಗಾಗಲೇ ಮತದಾರರಾಗಿದ್ದವರು ಪಕ್ಷ ಬದಲಿಸಲು ಕೊನೆಯ ದಿನ 2015ರ ಅಕ್ಟೋಬರ್ 9, ಅಂದರೆ ಆರು ತಿಂಗಳು ಮೊದಲೇ! ಸ್ಯಾಂಡರ್ಸ್ ಅವರ ಬಲವಿದ್ದದ್ದೇ ಯಾವ ಪಕ್ಷಕ್ಕೂ ಸೇರದ ಮತದಾರರಲ್ಲಿ. ಅವರನ್ನು ಅಕ್ಟೋಬರಿನೊಳಗೆ ಒಬ್ಬೊಬ್ಬರನ್ನಾಗಿ ಹಿಡಿದು ಅರ್ಜಿ ತುಂಬಿಸುವ ದೊಡ್ಡ ಕೆಲಸ ಆಗಲಿಲ್ಲ. ಏಪ್ರಿಲಿನಲ್ಲಿ ಸಭೆಗಳಿಗೆ ಸಾವಿರಗಟ್ಟಲೆ ಜನ ಸೇರಿದರು, ಅವರಲ್ಲಿ ಬಹಳ ಮಂದಿಗೆ ಮತವೇ ಇರಲಿಲ್ಲ. ಕ್ಲಿಂಟನ್ ಶೇ. 58, ಸ್ಯಾಂಡರ್ಸ್ ಶೇ. 42. ಇದೇ ನಿಯಮದಿಂದಾಗಿ ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಎರಿಕ್ ಮತ್ತು ಇವಾಂಕಾ ಕೂಡ ಆ ದಿನ ತಂದೆಗೆ ಮತ ಹಾಕಲಾಗಲಿಲ್ಲ.

ದಕ್ಷಿಣದ ರಾಜ್ಯಗಳದ್ದೂ ಇದೇ ಕಥೆ. ಸೌತ್ ಕ್ಯಾರೊಲಿನಾದಲ್ಲಿ ಕ್ಲಿಂಟನ್ ಶೇ. 73, ಸ್ಯಾಂಡರ್ಸ್ ಶೇ. 26. ಕರಿಯ ಮತದಾರರ ಚರ್ಚುಗಳು, ಸಂಘಗಳು, ಸ್ಥಳೀಯ ಮುಖಂಡರ ಜೊತೆಗಿನ ಸಂಬಂಧ ವರ್ಷಗಟ್ಟಲೆ ಬೆಳೆಸುವಂಥದ್ದು. ಫೆಬ್ರವರಿಯಲ್ಲಿ ಜಾಹೀರಾತು ಕೊಟ್ಟು ಪಡೆಯುವಂಥದ್ದಲ್ಲ.

ಹಣ ಬರಲಿಲ್ಲವೆಂದಲ್ಲ. ಸರಾಸರಿ 27 ಡಾಲರಿನ ಸಣ್ಣ ದೇಣಿಗೆಗಳೇ ಸೇರಿ ಕೊನೆಗೆ 20 ಕೋಟಿ ಡಾಲರ್ ದಾಟಿತು. ಅಯೋವಾದಲ್ಲಿ ಸೋತ ಅಂತರ ಶೇ. 0.3ರ ಆಸುಪಾಸು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ. 60 ಪಡೆದು ಗೆದ್ದರು. ಸಮೀಕ್ಷೆಗಳೆಲ್ಲ ಸೋಲೆಂದಿದ್ದ ಮಿಷಿಗನ್‌ನಲ್ಲಿ ಮಾರ್ಚ್ 8ರಂದು ಗೆದ್ದರು. ನಮ್ಮ ತೀರ್ಮಾನ ಇದು: 2015ರ ಏಪ್ರಿಲಿನಲ್ಲಿ ಅವರು ಗೆಲ್ಲುವ ಲೆಕ್ಕ ಹಾಕಿರಲಿಲ್ಲ, 2016ರ ಫೆಬ್ರವರಿಯ ಹೊತ್ತಿಗೆ ನಿಜವಾಗಿ ನಂಬಿದ್ದರು. ಆ ನಂಬಿಕೆಗೆ ಬೇಕಾದ ಅಡಿಪಾಯವನ್ನು ಹಿಂದಿನ ವರ್ಷವೇ ಹಾಕಬೇಕಿತ್ತು.

ಮಿಷಿಗನ್ ಗೆದ್ದ ಮೇಲೂ ಸ್ಯಾಂಡರ್ಸ್ ಹಿಂದೆಯೇ ಉಳಿದರಲ್ಲ? ಗೆದ್ದವರು ಮೇಲೆ ಬರಬೇಡವೇ? ಲೆಕ್ಕ ಬಿಡಿಸಿ ಹೇಳಿ.
– ಕಾಲೇಜು ವಿದ್ಯಾರ್ಥಿನಿ, ತಾಳವಾಡಿ

ರಾಜ್ಯ ಗೆಲ್ಲುವುದು ಬೇರೆ, ಡೆಲಿಗೇಟುಗಳನ್ನು ಗೆಲ್ಲುವುದು ಬೇರೆ. ಟಿಕೆಟ್ ತೀರ್ಮಾನಿಸುವುದು ಪಕ್ಷದ ಮಹಾ ಅಧಿವೇಶನದಲ್ಲಿ ಕೂರುವ ಡೆಲಿಗೇಟುಗಳು. ಡೆಮಾಕ್ರಟಿಕ್ ಪಕ್ಷದಲ್ಲಿ ಅವರನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಶೇ. 15 ಮುಟ್ಟದವರಿಗೆ ಏನೂ ಇಲ್ಲ.

ಒಂದು ಜಿಲ್ಲೆಗೆ 8 ಡೆಲಿಗೇಟುಗಳು, ನಾಲ್ವರು ಅಭ್ಯರ್ಥಿಗಳು ಎಂದಿಟ್ಟುಕೊಳ್ಳಿ. ಬಂದ ಮತ ಶೇ. 50, 30, 12, 8. ಕೊನೆಯ ಇಬ್ಬರನ್ನು ತೆಗೆದುಹಾಕಿ. ಉಳಿದದ್ದು 50 ಮತ್ತು 30, ಒಟ್ಟು 80. ಮೊದಲನೆಯವರಿಗೆ 80ರಲ್ಲಿ 50 ಭಾಗ, ಅಂದರೆ 5 ಡೆಲಿಗೇಟು. ಎರಡನೆಯವರಿಗೆ 3. ಈ ಲೆಕ್ಕವನ್ನು ಇಡೀ ರಾಜ್ಯಕ್ಕೊಮ್ಮೆ, ಒಂದೊಂದು ಜಿಲ್ಲೆಗೊಮ್ಮೆ ಬೇರೆ ಬೇರೆಯಾಗಿ ಮಾಡುತ್ತಾರೆ. ಈ ಜಿಲ್ಲೆಗಳು ನಮ್ಮ ಲೋಕಸಭಾ ಕ್ಷೇತ್ರಗಳ ಹಾಗೆ.

ಇದರಲ್ಲಿ ಅನುಭವಿಗಳು ಮಾತ್ರ ಗಮನಿಸುವ ಒಂದು ಸಂಗತಿ ಇದೆ. 4 ಡೆಲಿಗೇಟುಗಳ ಜಿಲ್ಲೆಯಲ್ಲಿ ಇಬ್ಬರೇ ಇದ್ದರೆ 59ಕ್ಕೆ 41 ಬಂದರೂ ಹಂಚಿಕೆ 2–2. ಮೂರನೆಯದು ಬೇಕೆಂದರೆ ಶೇ. 62.5 ದಾಟಬೇಕು. 5 ಡೆಲಿಗೇಟುಗಳ ಜಿಲ್ಲೆಯಲ್ಲಾದರೋ ಒಂದೇ ಮತ ಹೆಚ್ಚಾದರೂ 3–2. ಬುದ್ಧಿವಂತ ತಂಡ ಸಮಸಂಖ್ಯೆಯ ಜಿಲ್ಲೆಗಳಲ್ಲಿ ಹಣ ಉಳಿಸಿ ಬೆಸಸಂಖ್ಯೆಯ ಜಿಲ್ಲೆಗಳಲ್ಲಿ ಖರ್ಚು ಮಾಡುತ್ತದೆ.

2008ರಲ್ಲಿ ಬರಾಕ್ ಒಬಾಮಾ ಅವರ ತಂಡದಷ್ಟು ಚೆನ್ನಾಗಿ ಇದನ್ನು ಅರಿತವರು ಇರಲಿಲ್ಲ. ಫೆಬ್ರವರಿ 5ರಂದು ಐಡಹೊ ರಾಜ್ಯದ ಕಾಕಸ್‌ಗೆ, ಅಂದರೆ ಮತದಾರರು ಒಂದೆಡೆ ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಕ್ರಮಕ್ಕೆ, ಬಂದವರು ಸುಮಾರು 21,000 ಮಂದಿ. ಒಬಾಮಾಗೆ 15 ಡೆಲಿಗೇಟು, ಆಗಿನ ಎದುರಾಳಿ ಹಿಲರಿ ಕ್ಲಿಂಟನ್‌ಗೆ 3. ಅದೇ ದಿನ ನ್ಯೂಜೆರ್ಸಿಯಲ್ಲಿ ಮತ ಹಾಕಿದವರು 10 ಲಕ್ಷಕ್ಕೂ ಹೆಚ್ಚು. ಕ್ಲಿಂಟನ್‌ಗೆ 59, ಒಬಾಮಾಗೆ 48. ದೊಡ್ಡ ರಾಜ್ಯ ಗೆದ್ದು ಕ್ಲಿಂಟನ್ ಪಡೆದ ಮುನ್ನಡೆ 11. ಯಾರೂ ತಿರುಗಿ ನೋಡದ ಐಡಹೊದಲ್ಲಿ ಒಬಾಮಾ ಪಡೆದದ್ದು 12.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ನೀವು 200 ಡೆಲಿಗೇಟುಗಳಷ್ಟು ಹಿಂದಿದ್ದೀರಿ, ಇನ್ನು 1,500 ಉಳಿದಿವೆ. ಸಮ ಮಾಡಲು ಅವುಗಳಲ್ಲಿ 850 ನಿಮ್ಮದಾಗಬೇಕು. ಅಂದರೆ ಉಳಿದ ಎಲ್ಲ ರಾಜ್ಯಗಳಲ್ಲೂ ಸರಾಸರಿ ಶೇ. 56.7. ಒಂದೆರಡು ಅಂಶದಿಂದ ಗೆಲ್ಲುತ್ತ ಹೋದರೆ ಹಿಂದಿದ್ದವರು ಹಿಂದೆಯೇ. ಮಿಷಿಗನ್‌ನಲ್ಲಿ ಸ್ಯಾಂಡರ್ಸ್ ಗೆದ್ದ ಅಂತರ ಶೇ. 1.5ಕ್ಕೂ ಕಡಿಮೆ. 2016ರ ಮಾರ್ಚ್ 15ರ ನಂತರ ಅವರು ಸುಮಾರು 300 ಹಿಂದಿದ್ದರು. ಉಳಿದ ಕಡೆ ಶೇ. 57ರಷ್ಟು ಬೇಕಿತ್ತು.

ರಿಪಬ್ಲಿಕನ್ ಪಕ್ಷದ ಹಂಚಿಕೆ ಬೇರೆ. ಅಲ್ಲಿ ಹಲವು ರಾಜ್ಯಗಳಲ್ಲಿ ಮೊದಲು ಬಂದವರಿಗೆ ಎಲ್ಲವೂ. 2016ರ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್ ಪಡೆದದ್ದು ಶೇ. 32.5, ಡೆಲಿಗೇಟು ಮಾತ್ರ 50ಕ್ಕೆ 50. ಆ ಪಕ್ಷದಲ್ಲಿ ಮೂರನೇ ಒಂದು ಭಾಗದ ಬೆಂಬಲ ಗಟ್ಟಿಯಾಗಿದ್ದು ಎದುರಾಳಿಗಳು ಹಲವರಾಗಿದ್ದರೆ ಸಾಕು. ಹೊರಗಿನಿಂದ ಬಂದ ಅಭ್ಯರ್ಥಿ ಟಿಕೆಟ್ ನಿರೀಕ್ಷಿಸುವುದಕ್ಕೆ ಅಲ್ಲಿ ಹೆಚ್ಚು ಕಾರಣವಿದೆ.

ಶೇಂಗಾ ಬೆಳೆಯೋ ಕಾರ್ಟರ್ ಸಾಹೇಬ್ರಿಗೆ ಯಾರೂ ಗುರ್ತಿಲ್ಲದಾಗ ಟಿಕೆಟ್ ಸಿಗತೈತಿ ಅಂತ ಮೊದಲೇ ಗೊತ್ತಿತ್ತೇನ್ರಿ?
– ರೈತರು, ಜತ್ತ

ಗೊತ್ತಿತ್ತು ಎನ್ನುವುದಕ್ಕಿಂತ ಲೆಕ್ಕ ಹಾಕಿ ಇಟ್ಟಿದ್ದರು ಎನ್ನಬೇಕು. ಮುಂದೆ ಅಧ್ಯಕ್ಷರಾದ ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ ಜಾರ್ಜಿಯಾದ ರಾಜ್ಯಪಾಲರಾಗಿದ್ದಾಗಲೇ, 1972ರ ನವೆಂಬರಿನಲ್ಲಿ, ಅವರ ಸಹಾಯಕ ಹ್ಯಾಮಿಲ್ಟನ್ ಜೋರ್ಡನ್ ಒಂದು ದೀರ್ಘ ಟಿಪ್ಪಣಿ ಬರೆದುಕೊಟ್ಟರು. 1976ರ ಚುನಾವಣೆಗೆ ಎಲ್ಲಿ ಮೊದಲು ಹೋಗಬೇಕು, ಯಾವ ಪತ್ರಕರ್ತರನ್ನು ಮಾತಾಡಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಕಾರ್ಟರ್ 1974ರ ಡಿಸೆಂಬರ್ 12ರಂದು ಘೋಷಿಸಿದಾಗ ‘ಯಾವ ಜಿಮ್ಮಿ?’ ಎಂದು ದೇಶ ಕೇಳಿತು. ಅವರಾದರೋ ಅಯೋವಾದ ಊರೂರು ಸುತ್ತಲು ಹೊರಟರು.

1976ರ ಜನವರಿ 19ರ ಅಯೋವಾ ಕಾಕಸ್‌ನಲ್ಲಿ ಅವರು ಪಡೆದದ್ದು ಶೇ. 27ರಿಂದ 28. ಮೊದಲ ಸ್ಥಾನ ಯಾರದ್ದು ಗೊತ್ತೇ? ‘ಇನ್ನೂ ನಿರ್ಧರಿಸಿಲ್ಲ’ ಎಂದವರದ್ದು, ಶೇ. 37. ಆದರೂ ಹೆಸರಿದ್ದ ಅಭ್ಯರ್ಥಿಗಳಲ್ಲಿ ಮೊದಲಿಗರಾದ ಸುದ್ದಿ ದೇಶವೆಲ್ಲ ಹಬ್ಬಿತು. ನ್ಯೂ ಹ್ಯಾಂಪ್‌ಶೈರ್‌ಗೆ ಜಾರ್ಜಿಯಾದ ಅಕ್ಕಪಕ್ಕದವರೇ ಹೋಗಿ ಹಿಮದಲ್ಲಿ ಮನೆಮನೆ ಬಾಗಿಲು ತಟ್ಟಿದರು. ಅವರನ್ನು ಶೇಂಗಾ ಪಡೆ ಎಂದೇ ಕರೆಯುತ್ತಿದ್ದರು. ಫ್ಲೋರಿಡಾದಲ್ಲಿ ಜಾರ್ಜ್ ವಾಲೇಸ್ ಅವರನ್ನು, ಪೆನ್ಸಿಲ್ವೇನಿಯಾದಲ್ಲಿ ಹೆನ್ರಿ ಜಾಕ್ಸನ್ ಅವರನ್ನು ಸೋಲಿಸಿದರು.

ಅವರ ನಂಬಿಕೆಗೆ ದೊಡ್ಡ ಸಾಕ್ಷಿ ಬೇರೆಯೇ ಇದೆ. ಕಾರ್ಟರ್ ಬಹುತೇಕ ಎಲ್ಲ ಪ್ರೈಮರಿಗಳಲ್ಲೂ ಹೆಸರು ಹಾಕಿಸಿದ್ದರು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಜೆರ್ರಿ ಬ್ರೌನ್ ತಡವಾಗಿ ಬಂದು ಮೇರಿಲ್ಯಾಂಡ್ ಗೆದ್ದರು, ಫ್ರಾಂಕ್ ಚರ್ಚ್ ಕೂಡ ಕೆಲವು ಕಡೆ ಗೆದ್ದರು. ಕಾರ್ಟರ್ ಆ ದಿನಗಳಲ್ಲಿ ಹಲವು ಕಡೆ ಸೋತರೂ ಸೋತ ರಾಜ್ಯಗಳಲ್ಲೂ ಪಾಲಿನ ಡೆಲಿಗೇಟುಗಳು ಬರುತ್ತಲೇ ಇದ್ದವು. ಜೂನ್ 8ರಂದು ಒಹಾಯೊ ಗೆದ್ದಾಗ ವಿಷಯ ಮುಗಿಯಿತು. ತಡವಾಗಿ ಬಂದವರಿಗೆ ಅಷ್ಟು ಡೆಲಿಗೇಟುಗಳನ್ನು ಕೂಡಿಸಲು ರಾಜ್ಯಗಳೇ ಉಳಿದಿರಲಿಲ್ಲ.

ಮೊದಲು ಗೆದ್ದು ಆಮೇಲೆ ಎಡವಿದವರು ಎಡವುವುದು ಎಲ್ಲಿ? ಹಣವೊಂದೇ ಕಾರಣವೇ?
– ವಕೀಲರು, ಆದವಾನಿ

ಹಣಕ್ಕಿಂತ ಹೆಚ್ಚಾಗಿ ಅರ್ಜಿ. ನಿಮ್ಮ ವೃತ್ತಿಯವರಿಗೆ ಇದು ಬೇಗ ಅರ್ಥವಾದೀತು. 1984ರಲ್ಲಿ ಗ್ಯಾರಿ ಹಾರ್ಟ್ ಅಯೋವಾದಲ್ಲಿ ಶೇ. 16 ಪಡೆದು ವಾಲ್ಟರ್ ಮಾಂಡೇಲ್‌ಗಿಂತ ಬಹಳ ಹಿಂದೆ ಎರಡನೆಯವರಾದರು, ಎಂಟೇ ದಿನದಲ್ಲಿ ನ್ಯೂ ಹ್ಯಾಂಪ್‌ಶೈರ್ ಗೆದ್ದರು. ಅಷ್ಟರಲ್ಲಿ ಫ್ಲೋರಿಡಾ, ಇಲಿನಾಯ್‌ನಂಥ ರಾಜ್ಯಗಳಲ್ಲಿ ಡೆಲಿಗೇಟು ಪಟ್ಟಿ ಸಲ್ಲಿಸುವ ಗಡುವು ಮುಗಿದಿತ್ತು. ಪಟ್ಟಿಗಳು ಅರೆಬರೆಯಾಗಿದ್ದವು. ಜನ ಮತ ಕೊಡಲು ಸಿದ್ಧರಿದ್ದ ಕಡೆ ಆ ಮತವನ್ನು ಡೆಲಿಗೇಟಾಗಿ ಪಡೆಯಲು ಹೆಸರುಗಳೇ ಇರಲಿಲ್ಲ. ಟಿಕೆಟ್ ಮಾಂಡೇಲ್‌ಗೆ ಹೋಯಿತು.

2012ರಲ್ಲಿ ವರ್ಜೀನಿಯಾದ ನಿಯಮ ಹೀಗಿತ್ತು: 10,000 ನೋಂದಾಯಿತ ಮತದಾರರ ಸಹಿ, ಅದರಲ್ಲಿ 11 ಜಿಲ್ಲೆಗಳ ಪ್ರತಿಯೊಂದರಿಂದಲೂ ಕನಿಷ್ಠ 400. ರಿಪಬ್ಲಿಕನ್ ಪಕ್ಷದಲ್ಲಿ ಮತಪತ್ರಕ್ಕೆ ಬಂದ ಹೆಸರು ಎರಡೇ, ಮಿಟ್ ರಾಮ್ನಿ ಮತ್ತು ರಾನ್ ಪಾಲ್. ನ್ಯೂಟ್ ಗಿಂಗ್ರಿಚ್ ವಾಸವಿದ್ದದ್ದೇ ವರ್ಜೀನಿಯಾದಲ್ಲಿ. ಆ ಡಿಸೆಂಬರಿನಲ್ಲಿ ದೇಶದ ಸಮೀಕ್ಷೆಗಳಲ್ಲಿ ಮುಂದಿದ್ದವರೂ ಅವರೇ. ಸುಮಾರು 11,000 ಸಹಿ ಕೊಟ್ಟರೂ ಪರಿಶೀಲನೆಯಲ್ಲಿ ಸಾಲದೆ ಹೋಯಿತು. ಸಹಿಗಳು ತಿರಸ್ಕೃತವಾಗುವುದು ಸಾಮಾನ್ಯ ಕಾರಣಗಳಿಗೆ: ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ, ವಿಳಾಸ ತಾಳೆಯಾಗುವುದಿಲ್ಲ, ಅದೇ ವ್ಯಕ್ತಿ ಎರಡು ಸಲ ಸಹಿ ಮಾಡಿದ್ದಾರೆ, ಜಿಲ್ಲೆ ತಪ್ಪಾಗಿದೆ. ಆದ್ದರಿಂದ ನುರಿತವರು ಬೇಕಾದ್ದರ ಒಂದೂವರೆ ಪಟ್ಟಾದರೂ ಸಹಿ ಸಂಗ್ರಹಿಸುತ್ತಾರೆ, ಪ್ರತಿ ವಾರ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ.

ಅದೇ ವರ್ಷ ರಿಕ್ ಸ್ಯಾಂಟೋರಮ್ ಒಹಾಯೊದಲ್ಲಿ ರಾಮ್ನಿಗೆ ಸೋತ ಅಂತರ ಶೇ. 1ಕ್ಕೂ ಕಡಿಮೆ. ಆದರೆ 16 ಜಿಲ್ಲೆಗಳಲ್ಲಿ 3ರಲ್ಲಿ ಅವರು ಡೆಲಿಗೇಟು ಪಟ್ಟಿಯನ್ನೇ ಕೊಟ್ಟಿರಲಿಲ್ಲ, ಇನ್ನು 6ರಲ್ಲಿ ಪಟ್ಟಿ ಅಪೂರ್ಣ. ಒಂದುವೇಳೆ ಗೆದ್ದಿದ್ದರೂ ಆ ಜಾಗ ಖಾಲಿ. ಅಯೋವಾದ ಮೇಲೆ ಪಣ ಕಟ್ಟಿದ್ದ ಅಭ್ಯರ್ಥಿ ಒಹಾಯೊವರೆಗೆ ತಲುಪುತ್ತೇನೆಂದು ಎಣಿಸಿರಲಿಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಡ.

ಅಯೋವಾದಲ್ಲಿ 2012ರಲ್ಲಿ ಮೊದಲು ಒಬ್ಬರು ಗೆದ್ದರೆಂದೂ ಆಮೇಲೆ ಬೇರೊಬ್ಬರೆಂದೂ ಓದಿದ ನೆನಪು. ಸರಿಯೇ?
– ಅಂಗಡಿ ಮಾಲೀಕರು, ಕುಂಬಳೆ

ಸರಿ. ಮತದಾನದ ರಾತ್ರಿ ರಾಮ್ನಿ 8 ಮತಗಳಿಂದ ಮುಂದೆ ಎಂದು ಘೋಷಿಸಿದರು. ಎರಡು ವಾರದ ಮೇಲೆ ಪರಿಶೀಲಿಸಿದ ಲೆಕ್ಕದಲ್ಲಿ ಸ್ಯಾಂಟೋರಮ್ 34 ಮತ ಮುಂದಿದ್ದರು. ನಿಮ್ಮ ಪಕ್ಕದ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ 89 ಮತಗಳಿಂದ ತೀರ್ಮಾನವಾದದ್ದು ನಿಮಗೆ ಮರೆತಿರಲಾರದು. ವ್ಯತ್ಯಾಸವಿಷ್ಟೇ: ಮಂಜೇಶ್ವರದಲ್ಲಿ ಫಲಿತಾಂಶವೇ ಕೊನೆ, ಅಯೋವಾದಲ್ಲಿ ಮೊದಲ ರಾತ್ರಿಯ ಸುದ್ದಿಗೇ ಬೆಲೆ. ಆ ಎರಡು ವಾರದಲ್ಲಿ ಬರಬೇಕಿದ್ದ ದೇಣಿಗೆ ಸ್ಯಾಂಟೋರಮ್ ಕೈಗೆ ಬರಲಿಲ್ಲ.

ಗೆಲ್ಲುವುದಿಲ್ಲವೆಂದು ಗೊತ್ತಿದ್ದೂ ನಿಲ್ಲುವುದು ಮತದಾರರಿಗೆ ಮಾಡುವ ಮೋಸವಲ್ಲವೇ?
– ಕನ್ನಡ ಹೋರಾಟಗಾರರು, ಮಂಜೇಶ್ವರ

ಅಲ್ಲವೆಂದೇ ನಮ್ಮ ನಂಬಿಕೆ, ಅಭ್ಯರ್ಥಿ ತನ್ನ ಉದ್ದೇಶವನ್ನು ಮುಚ್ಚಿಡದಿದ್ದರೆ. 1956ರ ನಂತರ ಕಾಸರಗೋಡಿನಲ್ಲಿ ಕರ್ನಾಟಕ ಸಮಿತಿಯವರು ಚುನಾವಣೆಗೆ ನಿಂತದ್ದು ವಿಲೀನದ ಬೇಡಿಕೆಯನ್ನು ಸದನದೊಳಗೆ ಕೇಳಿಸಲು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿಯೇ ಆಯ್ಕೆಯಾದರು. ಬೇಡಿಕೆಗಾಗಿ ನಿಲ್ಲುವುದಕ್ಕೂ ಗೆಲ್ಲುವುದಕ್ಕೂ ಜಗಳವಿಲ್ಲ.

ಶರ್ಲಿ ಚಿಸಮ್ 1972ರ ಜನವರಿಯಲ್ಲಿ ಡೆಮಾಕ್ರಟಿಕ್ ಟಿಕೆಟಿಗೆ ಸ್ಪರ್ಧಿಸಿದರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕರಿಯ ಮಹಿಳೆ. ಟಿಕೆಟ್ ಸಿಗದೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅಧಿವೇಶನದಲ್ಲಿ ಬಂದದ್ದು ಸುಮಾರು 152 ಡೆಲಿಗೇಟು ಮತ. ಜೆಸ್ಸಿ ಜಾಕ್ಸನ್ 1984 ಮತ್ತು 1988ರಲ್ಲಿ ನಿಂತರು. ಎರಡನೇ ಸಲ ಮಿಷಿಗನ್ ಗೆದ್ದು ಸುಮಾರು 1,200 ಡೆಲಿಗೇಟುಗಳನ್ನು ಕೂಡಿಸಿ ಮೈಕೆಲ್ ಡುಕಾಕಿಸ್ ಅವರಿಗೆ ಸೋತರು. ಸೋತು ಸುಮ್ಮನಾಗಲಿಲ್ಲ. ಆ ಡೆಲಿಗೇಟುಗಳ ಬಲದಿಂದ ಪಕ್ಷದ ನಿಯಮ ಬದಲಾಯಿಸಿದರು: 1992ರಿಂದ ಎಲ್ಲ ರಾಜ್ಯಗಳಲ್ಲೂ ಪ್ರಮಾಣಕ್ಕೆ ತಕ್ಕ ಹಂಚಿಕೆ. ಮೇಲೆ ಹೇಳಿದ ನ್ಯೂಜೆರ್ಸಿಯಲ್ಲಿ ಸೋತ ಒಬಾಮಾಗೆ 48 ಸಿಕ್ಕಿದ್ದು ಆ ನಿಯಮದಿಂದಲೇ. ಸ್ಯಾಂಡರ್ಸ್ ಬೆಂಬಲಿಗರ ಒತ್ತಾಯದಿಂದ 2018ರ ಆಗಸ್ಟಿನಲ್ಲಿ ಇನ್ನೊಂದು ಬದಲಾವಣೆ ಬಂತು. ಪಕ್ಷದ ಮುಖಂಡರೆಂಬ ಕಾರಣಕ್ಕೆ ಮತ ಹಾಕುವ ಹಕ್ಕು ಪಡೆದಿದ್ದ ಸೂಪರ್ ಡೆಲಿಗೇಟುಗಳು ಪೈಪೋಟಿಯಿದ್ದಾಗ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. 2016ರಲ್ಲಿ ಇಂಥವರು 700ಕ್ಕೂ ಹೆಚ್ಚಿದ್ದರು.

ನನ್ನ ತಮ್ಮ ಎಚ್‌–1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದಾನೆ. ಮೆಚ್ಚಿದ ಅಭ್ಯರ್ಥಿಗೆ 27 ಡಾಲರ್ ಕೊಡಬಹುದೇ?
– ಕಾರ್ಖಾನೆ ಉದ್ಯೋಗಿ, ಹೊಸೂರು

ಕೊಡಬಾರದು. ಒಂದು ಡಾಲರ್ ಕೂಡ ಕಾನೂನುಬಾಹಿರ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದವರು ಮಾತ್ರ ಕೊಡಬಹುದು. ಪೌರರಾದ ನೆಂಟರ ಹೆಸರಿನಲ್ಲಿ ಕೊಟ್ಟು ಅವರಿಗೆ ಹಣ ತುಂಬಿಕೊಡುವುದೂ ಪ್ರತ್ಯೇಕ ಅಪರಾಧ. ವೀಸಾ ಇರುವವರು ಈ ಅಪಾಯಕ್ಕೆ ಕೈ ಹಾಕಲೇಬಾರದು. ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು: ಫೋನ್ ಮಾಡುವುದು, ಕರಪತ್ರ ಹಂಚುವುದು. ಹಣ ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನಗಳಲ್ಲಿ ಭಾಗವಹಿಸುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡುವುದಾದರೆ, ಒಬ್ಬ ಅಭ್ಯರ್ಥಿಗೆ 200 ಡಾಲರ್ ದಾಟಿದ ಕೂಡಲೇ ಹೆಸರು, ವಿಳಾಸ, ಉದ್ಯೋಗ, ಕಂಪನಿ ಎಲ್ಲವೂ ಸಾರ್ವಜನಿಕ ದಾಖಲೆಗೆ ಸೇರುತ್ತವೆ ಎಂಬುದನ್ನೂ ತಮ್ಮನಿಗೆ ತಿಳಿಸಿ.

ಮುಂದಿನ ಸಲ ಯಾರು ನಿಜವಾಗಿ ಗೆಲ್ಲಲು ನಿಂತಿದ್ದಾರೆಂದು ನಾವು ಇಲ್ಲಿಂದಲೇ ಗುರುತಿಸಬಹುದೇ? ಸೋತವರು ‘ಪ್ರಚಾರ ಸ್ಥಗಿತ’ ಎನ್ನುವುದೇಕೆ, ಹಿಂದೆ ಸರಿದೆ ಎನ್ನಬಾರದೇ?
– ಬ್ಯಾಂಕ್ ನೌಕರರು, ಅಕ್ಕಲಕೋಟೆ

ಎರಡನೆಯದು ಮೊದಲು. ಸ್ಥಗಿತ ಎಂದರೆ ಸಾಲ ತೀರಿಸಲು ದೇಣಿಗೆ ಪಡೆಯುತ್ತಿರಬಹುದು. ಪಕ್ಷದ ನಿಯಮ ಬಿಟ್ಟಲ್ಲಿ ಗಳಿಸಿದ ಡೆಲಿಗೇಟುಗಳೂ ಉಳಿಯುತ್ತವೆ. 2020ರ ಏಪ್ರಿಲ್ 8ರಂದು ಸ್ಯಾಂಡರ್ಸ್ ಪ್ರಚಾರ ನಿಲ್ಲಿಸಿದರೂ ಮತಪತ್ರದಲ್ಲಿ ಹೆಸರು ಉಳಿಸಿಕೊಂಡದ್ದು ಪಕ್ಷದ ಪ್ರಣಾಳಿಕೆಯಲ್ಲಿ ಮಾತು ನಡೆಯಲಿ ಎಂದು.

ಗುರುತಿಸುವುದಕ್ಕೆ ನೀವು ಬ್ಯಾಂಕಿನವರಾದ್ದರಿಂದ ಲೆಕ್ಕಪತ್ರವೇ ಸುಲಭ. 5,000 ಡಾಲರಿಗಿಂತ ಹೆಚ್ಚು ಸಂಗ್ರಹಿಸಿದ ಅಥವಾ ಖರ್ಚು ಮಾಡಿದ ಅಭ್ಯರ್ಥಿ 15 ದಿನದೊಳಗೆ ಫೆಡರಲ್ ಚುನಾವಣಾ ಆಯೋಗದಲ್ಲಿ ನೋಂದಾಯಿಸಬೇಕು. ಚುನಾವಣೆಯ ಹಿಂದಿನ ವರ್ಷ ತ್ರೈಮಾಸಿಕ ವರದಿಗಳು ಏಪ್ರಿಲ್ 15, ಜುಲೈ 15, ಅಕ್ಟೋಬರ್ 15ಕ್ಕೆ, ವರ್ಷದ ಕೊನೆಯದ್ದು ಜನವರಿ 31ಕ್ಕೆ ಬರುತ್ತವೆ. ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಒಟ್ಟು ಸಂಗ್ರಹದ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಆ ತ್ರೈಮಾಸಿಕದಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು ನೋಡಿ. 2015ರಲ್ಲಿ ವಿಸ್ಕಾನ್ಸಿನ್ ರಾಜ್ಯಪಾಲ ಸ್ಕಾಟ್ ವಾಕರ್ ಮುಂಚೂಣಿಯ ಅಭ್ಯರ್ಥಿ ಎನಿಸಿಕೊಂಡಿದ್ದರು. ದೊಡ್ಡ ಸಿಬ್ಬಂದಿಯ ಖರ್ಚಿಗೆ ಸಾಲುವಷ್ಟು ಹಣ ಬರದೆ ಒಂದೇ ಒಂದು ಮತ ಬೀಳುವ ಮೊದಲೇ, ಸೆಪ್ಟೆಂಬರ್ 21ರಂದು, ನಿಲ್ಲಿಸಿದರು. ಕಮಲಾ ಹ್ಯಾರಿಸ್ 2019ರ ಡಿಸೆಂಬರ್ 3ರಂದು ನಿಲ್ಲಿಸಿದ್ದೂ ಹಣ ಬತ್ತಿದ್ದರಿಂದ.

ಕೈಯಲ್ಲಿರುವ ನಗದನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಒಬ್ಬ ದಾನಿ ಪ್ರೈಮರಿಗೊಂದು, ನವೆಂಬರ್ ಚುನಾವಣೆಗೊಂದು ಮಿತಿಯವರೆಗೆ ಕೊಡಬಹುದು. 2016ರಲ್ಲಿ ಈ ಮಿತಿ ತಲಾ 2,700 ಡಾಲರ್. ನವೆಂಬರಿಗೆಂದು ಬಂದದ್ದನ್ನು ಪ್ರೈಮರಿಗೆ ಮುಟ್ಟುವಂತಿಲ್ಲ, ಟಿಕೆಟ್ ಸಿಗದಿದ್ದರೆ ಮರಳಿಸಬೇಕು. ನಗದು ಒಂದು ಕೋಟಿ ಎಂದಿದ್ದರೂ ಅದರಲ್ಲಿ 30 ಲಕ್ಷ ನವೆಂಬರಿನದ್ದಾಗಿದ್ದರೆ ಕೈಗೆ ಸಿಗುವುದು 70 ಲಕ್ಷ. ಆಮೇಲೆ ಖರ್ಚಿನ ಪಟ್ಟಿ ತೆರೆದು, ಮಾರ್ಚ್ ಮತ್ತು ಏಪ್ರಿಲಿನಲ್ಲಿ ಮತ ಹಾಕುವ ರಾಜ್ಯಗಳ ವಿಳಾಸಕ್ಕೆ ಸಂಬಳ, ಕಚೇರಿ ಬಾಡಿಗೆ, ಸಹಿ ಸಂಗ್ರಹದ ಕೂಲಿ ಹೋಗುತ್ತಿದೆಯೇ ನೋಡಿ. ಅಕ್ಟೋಬರ್ 15ರ ವರದಿಯಲ್ಲಿ ಅದು ಕಂಡರೆ, ಸಮೀಕ್ಷೆಯಲ್ಲಿ ಶೇ. 3 ಇದ್ದರೂ ಆ ಅಭ್ಯರ್ಥಿ ಟಿಕೆಟಿನ ಲೆಕ್ಕ ಹಾಕಿಯೇ ನಿಂತಿದ್ದಾರೆ.